ಬೆಳ್ಳಿಯ ತಳದಲ್ಲಿರುವ ಹೆಸರು



ಸೊಲ್ಲಾಪುರದಲ್ಲಿ ಕನ್ನಡದ ದತ್ತಿ ಉಪನ್ಯಾಸವೆಂದರೆ ಸಿದ್ಧರಾಮೇಶ್ವರರ ವಚನ, ಜಯದೇವಿತಾಯಿ ಲಿಗಾಡೆಯವರ ಕಾವ್ಯ, ಇಲ್ಲವೆ ಗಡಿಭಾಗದ ಕನ್ನಡ ಶಾಲೆಗಳ ಪಾಡು, ಇವುಗಳಲ್ಲಿ ಒಂದನ್ನು ನಿರೀಕ್ಷಿಸಿ ನೀವು ಬಂದಿರಬಹುದು. ನಾನು ಆರಿಸಿಕೊಂಡಿರುವ ವಿಷಯ ಬೆಳ್ಳಿ ಸಾಮಾನಿನ ತಳ. ಮೇಲಿನ ನಕಾಶೆಯನ್ನು ಎಲ್ಲರೂ ನೋಡುತ್ತಾರೆ. ತಿರುಗಿಸಿ ತಳ ನೋಡುವವರು ಕಡಿಮೆ. ಅಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಮುದ್ರೆಗಳು ಇರುತ್ತವೆ. ಅವುಗಳನ್ನು ಓದುವ ಬಗೆ ಇವತ್ತಿನ ವಿಷಯ.

ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟಿಷ್ ಮತ್ತು ಐರಿಶ್ ಬೆಳ್ಳಿಯ ಮೇಲಿನ ಮುದ್ರೆಗಳು, ಅದರಲ್ಲೂ ತಯಾರಕನ ಮುದ್ರೆ, ಮೊದಲ ಭಾಗ. ಆ ಮುದ್ರೆಗಳು ನಮ್ಮನ್ನು ದಾರಿತಪ್ಪಿಸುವ ಬಗೆ ಎರಡನೆಯದು. ನಮ್ಮ ಪತ್ತಾರರ ಕೈಯ ಬೆಳ್ಳಿ ಯಾಕೆ ತನ್ನ ಹೆಸರು ಹೇಳುವುದಿಲ್ಲ ಎಂಬುದು ಕೊನೆಯ ಭಾಗ. ಬೆಳ್ಳಿಯ ದರ ಏರೀತೇ ಇಳಿದೀತೇ ಎಂಬುದನ್ನು ಮುಟ್ಟುವುದಿಲ್ಲ. ಅದಕ್ಕೆ ಸರಾಫ್ ಬಜಾರವಿದೆ.

ನನ್ನ ವಾದವೂ ಸರಳವಾಗಿದೆ. ಮುದ್ರೆ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾವ ಅಚ್ಚು ಯಾರದು ಎಂದು ಬರೆದಿಟ್ಟ ದಫ್ತರ ಎಲ್ಲೋ ಒಂದು ಕಡೆ ಉಳಿದಿದ್ದರೆ ಮಾತ್ರ ಅದು ಮಾತಾಡುತ್ತದೆ. ಇಂಗ್ಲಿಷರ ಚಮಚ ತನ್ನ ಊರು, ವರ್ಷ, ತಯಾರಕನ ಹೆಸರು ಎಲ್ಲವನ್ನೂ ಹೇಳುತ್ತದೆ. ಅಷ್ಟೇ ಹಳೆಯ ನಮ್ಮ ತಂಬಿಗೆ ಸುಮ್ಮನಿರುತ್ತದೆ. ಕಸುಬಿನಲ್ಲಿ ನಮ್ಮವರು ಕಡಿಮೆಯಾಗಿದ್ದರೆಂದು ಹೀಗಾಗಿಲ್ಲ. ದಫ್ತರ ಇರಲಿಲ್ಲ, ಅಷ್ಟೆ.

ಇಂಗ್ಲಿಷರ ಬೆಳ್ಳಿ ನಮ್ಮ ಕಡೆಗೆ ಹೇಗೆ ಬಂತು ಎಂಬ ಪ್ರಶ್ನೆ ಸಹಜ. 1818ರಲ್ಲಿ ಸೊಲ್ಲಾಪುರದ ಕೋಟೆ ಕಂಪನಿಯ ಕೈಸೇರಿತು. ಸಾತಾರಾ ಸಂಸ್ಥಾನ 1848ರಲ್ಲಿ ವಾರಸುದಾರರಿಲ್ಲದೆ ಮುಗಿದ ಮೇಲೆ ಅಕ್ಕಲಕೋಟೆಯ ಭೋಸಲೆ ಮನೆತನ ನೇರವಾಗಿ ಬ್ರಿಟಿಷರ ಅಧೀನಕ್ಕೆ ಬಂತು. 1860ರಲ್ಲಿ ರೈಲು ಸೊಲ್ಲಾಪುರ ಮುಟ್ಟಿತು, 1877ರಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ಕಲೆಕ್ಟರು, ರೈಲ್ವೆ ಮತ್ತು ಗಿರಣಿಯ ಎಂಜಿನಿಯರುಗಳು, ಪಾದ್ರಿಗಳು ತಮ್ಮ ಚಹಾದ ಕಿತ್ತಲಿ, ಚಮಚ, ಉಪ್ಪಿನ ಬಟ್ಟಲುಗಳೊಡನೆ ಬಂದರು. ವರ್ಗವಾದಾಗ ಮನೆಸಾಮಾನು ಹರಾಜು ಹಾಕಿ ಹೋಗುವುದು ಅವರ ರೂಢಿ. ಹರಾಜಿನಲ್ಲಿ ಕೊಂಡದ್ದು, ಇನಾಮಾಗಿ ಬಂದದ್ದು, ದೊರೆಗಳನ್ನು ಸತ್ಕರಿಸಲೆಂದು ಸಂಸ್ಥಾನಿಕರು ಮತ್ತು ದೇಶಮುಖರು ಮುಂಬಯಿಯಿಂದ ತರಿಸಿದ್ದು, ಹೀಗೆ ದಖ್ಖನಿನ ಹಳೆಯ ವಾಡೆಗಳಲ್ಲಿ ಇಂಥ ವಸ್ತುಗಳು ಅಲ್ಲೊಂದು ಇಲ್ಲೊಂದು ಉಳಿದವು.

ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಂಥ ಸಂಗ್ರಹಗಳಲ್ಲಿ ಇಂಗ್ಲೆಂಡಿನ ಬಂದೂಕು ಕಂಡರೆ ಅದರ ನಳಿಗೆಯನ್ನು ಹತ್ತಿರದಿಂದ ಗಮನಿಸಿ. ನಳಿಗೆಗೆ ಮದ್ದು ತುಂಬಿ ಹಾರಿಸಿ, ಸಿಡಿಯಲಿಲ್ಲವೆಂದು ಖಾತ್ರಿಯಾದ ಮೇಲೆ ಒತ್ತಿದ ಮುದ್ರೆ ಅಲ್ಲಿರುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಇದಕ್ಕೆಂದೇ 1813ರಲ್ಲಿ ಪರೀಕ್ಷಾಗೃಹ ಸ್ಥಾಪನೆಯಾಯಿತು. ಮಾಡಿದವನ ಮಾತನ್ನು ಮೂರನೆಯವನೊಬ್ಬ ಪರೀಕ್ಷಿಸಿ, ಮುದ್ರೆ ಒತ್ತಿ, ಬರೆದಿಡುವ ಈ ಅಭ್ಯಾಸ ಬೆಳ್ಳಿಯ ವಿಷಯದಲ್ಲಿ ಇನ್ನೂ ಐದು ನೂರು ವರ್ಷ ಹಳೆಯದು.

ಈಗ ಮೊದಲ ಭಾಗಕ್ಕೆ ಬರುತ್ತೇನೆ. ವಿಕ್ಟೋರಿಯಾ ರಾಣಿಯ ಕಾಲದ ಒಂದು ಇಂಗ್ಲಿಷ್ ಚಮಚವನ್ನು ತಿರುಗಿಸಿದರೆ ಹಿಡಿಯ ಮೇಲೆ ಸಾಮಾನ್ಯವಾಗಿ ಐದು ಮುದ್ರೆಗಳು ಸಾಲಾಗಿ ಕಾಣುತ್ತವೆ. ಎಡಕ್ಕೆ ನಡೆಯುತ್ತಿರುವ ಸಿಂಹವನ್ನು ಮೊದಲು ಹುಡುಕಿ. 1544ರಿಂದ ಬಳಕೆಯಲ್ಲಿರುವ ಈ ಸಿಂಹ ಇದ್ದರೆ ಅದು ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಭಾಗ ಅಪ್ಪಟ ಬೆಳ್ಳಿ. ಎರಡನೆಯದು ಪರೀಕ್ಷೆ ನಡೆದ ಊರಿನ ಗುರುತು. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮ್‌ನದು, ಕಿರೀಟ ಶೆಫೀಲ್ಡಿನದು. ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಮೂರು ಬುರುಜಿನ ಕೋಟೆ, ಐರ್ಲೆಂಡಿನ ಡಬ್ಲಿನ್‌ಗೆ ಕಿರೀಟ ಹೊತ್ತ ವೀಣೆ. ಕಡಲಿಗೆ ದೂರದ ಬರ್ಮಿಂಗ್‌ಹ್ಯಾಮ್‌ಗೆ ಲಂಗರು ಹೇಗೆ ಬಂತೆನ್ನುವುದಕ್ಕೆ ಒಂದು ಕಥೆಯಿದೆ. 1773ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರಿನವರು ಪರೀಕ್ಷಾಗೃಹಕ್ಕಾಗಿ ಲಂಡನ್ನಿನ ಪಾರ್ಲಿಮೆಂಟಿನ ಮೆಟ್ಟಿಲು ಹತ್ತಿದಾಗ ‘ಕಿರೀಟ ಮತ್ತು ಲಂಗರು’ ಎಂಬ ಹೆಸರಿನ ಖಾನಾವಳಿಯಲ್ಲಿ ಸೇರುತ್ತಿದ್ದರಂತೆ. ನಾಣ್ಯ ಚಿಮ್ಮಿಸಿ ಒಂದೊಂದನ್ನು ಹಂಚಿಕೊಂಡರಂತೆ. ನಿಜವೋ ಸುಳ್ಳೋ, ನೆನಪಿಡಲು ಅನುಕೂಲ.

ಮೂರನೆಯದು ವರ್ಷದ ಅಕ್ಷರ. 1478ರಿಂದ ಲಂಡನ್ನಿನಲ್ಲಿ ವರ್ಷಕ್ಕೊಂದು ಅಕ್ಷರ. ಇಪ್ಪತ್ತು ಅಕ್ಷರ ಮುಗಿದ ಮೇಲೆ ಬರಹದ ಶೈಲಿಯನ್ನೂ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಬದಲಿಸಿ ಮತ್ತೆ ಮೊದಲಿನಿಂದ ಆರಂಭ. ಆದ್ದರಿಂದ ಅಕ್ಷರ ಮಾತ್ರ ಓದಿದರೆ ಸಾಲದು, ಅದು ಕೂತ ಚೌಕಟ್ಟನ್ನೂ ನೋಡಬೇಕು. ನಾಲ್ಕನೆಯದು ರಾಜನ ಅಥವಾ ರಾಣಿಯ ತಲೆ, ಬೆಳ್ಳಿಯ ಮೇಲಿನ ಸುಂಕ ಸಂದಾಯವಾಗಿದೆ ಎಂಬುದರ ರಸೀದಿ. ಇದು 1784ರಿಂದ 1890ರವರೆಗೆ ಮಾತ್ರ ಇತ್ತು. ನಮ್ಮ ಭಾಗಕ್ಕೆ ಬಹಳ ಉಪಯೋಗದ ಮುದ್ರೆ ಇದು. ವಿಕ್ಟೋರಿಯಾಳ ತಲೆ ಇದ್ದರೆ ವಸ್ತು ಆಕೆ ಪಟ್ಟಕ್ಕೆ ಬಂದ 1837ಕ್ಕೂ ಸುಂಕ ನಿಂತ 1890ಕ್ಕೂ ನಡುವಿನದು. ಪುಸ್ತಕ ತೆರೆಯದೆಯೇ ಇಷ್ಟು ಹೇಳಬಹುದು.

ಐದನೆಯದೇ ತಯಾರಕನ ಮುದ್ರೆ. ಮೊದಲ ನಾಲ್ಕು ಸರಕಾರದ ಮಾತಾದರೆ ಇದೊಂದು ಮನುಷ್ಯನ ಮಾತು. 1363ರ ಕಾಯಿದೆ ಪ್ರತಿಯೊಬ್ಬ ಬೆಳ್ಳಿಗಾರನೂ ತನ್ನದೇ ಗುರುತು ಇಟ್ಟುಕೊಳ್ಳಬೇಕೆಂದು ಹೇಳಿತು. ಓದು ಬರಹ ಬಲ್ಲವರು ವಿರಳವಾಗಿದ್ದ ಆ ಕಾಲದಲ್ಲಿ ಹಕ್ಕಿ, ಮೀನು, ನಕ್ಷತ್ರ ಇಂಥ ಚಿತ್ರಗಳೇ ಗುರುತು. ಆಮೇಲೆ ನಿಧಾನವಾಗಿ ಹೆಸರಿನ ಮೊದಲಕ್ಷರಗಳು ಬಂದವು.

ಅಕ್ಷರ ಬಂದ ಮೇಲೆ ಓದುವುದು ಸುಲಭವಾಯಿತೆಂದು ತಿಳಿಯಬೇಡಿ. 1697ರಲ್ಲಿ ಒಂದು ವಿಚಿತ್ರ ನಡೆಯಿತು. ಇಂಗ್ಲೆಂಡಿನ ಜನ ಬೆಳ್ಳಿ ನಾಣ್ಯವನ್ನೇ ಕತ್ತರಿಸಿ, ಕರಗಿಸಿ ಪಾತ್ರೆ ಮಾಡಿಸುತ್ತಿದ್ದರು. ಇದನ್ನು ತಡೆಯಲು ಸರಕಾರ ಪಾತ್ರೆಯ ಬೆಳ್ಳಿಯ ಮಟ್ಟವನ್ನು ನಾಣ್ಯಕ್ಕಿಂತ ಮೇಲಕ್ಕೆ, ಸಾವಿರಕ್ಕೆ 958ಕ್ಕೆ ಏರಿಸಿತು. ಜೊತೆಗೆ ತಯಾರಕರು ಹಳೆಯ ಮುದ್ರೆ ಬಿಟ್ಟು ಮನೆತನದ ಹೆಸರಿನ ಮೊದಲೆರಡು ಅಕ್ಷರ ಬಳಸಬೇಕೆಂದಿತು. 1720ರಲ್ಲಿ ಹಳೆಯ ಮಟ್ಟ ಮತ್ತೆ ಬಂತು, ಅದಕ್ಕೆ ಬೇರೆ ಮುದ್ರೆ. 1739ರಲ್ಲಿ ಎಲ್ಲ ರದ್ದಾಗಿ, ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಮನೆತನದ ಮೊದಲಕ್ಷರಗಳಿಂದ ಹೊಸ ಅಚ್ಚು ಮಾಡಿಸಬೇಕೆಂಬ ಕಾಯಿದೆ ಬಂತು. ಪಾಲ್ ಡಿ ಲಾಮೆರಿ ಎಂಬ ಪ್ರಸಿದ್ಧ ಬೆಳ್ಳಿಗಾರ ಇದ್ದ. ಅವನ ಆರಂಭದ ಕೆಲಸದ ಮೇಲೆ ‘ಎಲ್ ಎ’, 1733ರ ನಂತರದ್ದರ ಮೇಲೆ ‘ಪಿ ಎಲ್’. ಒಬ್ಬನೇ ಮನುಷ್ಯ, ಆದರೆ ದಫ್ತರ ನೋಡದವನಿಗೆ ಇಬ್ಬರು.

ಇನ್ನೊಂದು ಮನೆತನದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಲಂಡನ್ನಿನ ಜಾನ್ ಬೇಟ್‌ಮನ್ 1760ರಲ್ಲಿ ತೀರಿಕೊಂಡ. ಅವನ ಹೆಂಡತಿ ಹೆಸ್ಟರ್ ಮರುವರ್ಷ ತನ್ನ ಹೆಸರಿನಲ್ಲೇ ‘ಎಚ್ ಬಿ’ ಎಂಬ ಮುದ್ರೆ ನೋಂದಾಯಿಸಿ ಕಾರ್ಖಾನೆ ನಡೆಸಿದಳು. ಬಾಗಿದ ಕೈಬರಹದ ಆ ಎರಡಕ್ಷರಗಳನ್ನು ಸಂಗ್ರಾಹಕರು ಇವತ್ತು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಆಕೆಗೆ ಬರೆಯಲು ಬರುತ್ತಿರಲಿಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. 1790ರಲ್ಲಿ ಆಕೆ ಬಿಟ್ಟುಕೊಟ್ಟಾಗ ಮಕ್ಕಳಾದ ಪೀಟರ್ ಮತ್ತು ಜೊನಾಥನ್ ತಮ್ಮ ಹೆಸರಿನ ಜೋಡಿ ಮುದ್ರೆ ಹಾಕಿಸಿದರು. ಜೊನಾಥನ್ ಕೆಲವೇ ತಿಂಗಳಲ್ಲಿ ಸತ್ತ. ಅವನ ವಿಧವೆ ಆ್ಯನ್ ಭಾವನೊಡನೆ ಸೇರಿ ಮತ್ತೊಂದು ಮುದ್ರೆ ಮಾಡಿಸಿದಳು. ಹೀಗೆ ಒಂದು ಮನೆಯ ಸಾವು, ವೈಧವ್ಯ, ಪಾಲುದಾರಿಕೆ ಎಲ್ಲವೂ ಚಮಚದ ಹಿಡಿಯ ಮೇಲೆ ದಾಖಲಾದವು. ಅಣ್ಣತಮ್ಮಂದಿರ ಜೋಡಿ ಮುದ್ರೆ ಇರುವ ವಸ್ತು ಅಪರೂಪ, ಯಾಕೆಂದರೆ ಅದರ ಆಯುಷ್ಯ ಅಷ್ಟೇ ಇತ್ತು.

ಓದುವಾಗ ನೆನಪಿಡಬೇಕಾದ ಒಂದೆರಡು ಸೂಕ್ಷ್ಮಗಳಿವೆ. ಹಳೆಯ ಮುದ್ರೆಗಳಲ್ಲಿ ‘ಜೆ’ ಬದಲು ‘ಐ’ ಕೆತ್ತುತ್ತಿದ್ದರು; ‘ಐ ಬಿ’ ಎಂದರೆ ಜಾನ್, ಜೇಮ್ಸ್, ಜೊನಾಥನ್ ಯಾರೂ ಆಗಬಹುದು. ಮುದ್ರೆಯ ಚೌಕಟ್ಟು ನಿಲ್ಲಿಸಿದ ಶಂಕರಪೋಳಿಯಂತೆ ಮೂಲೆಯ ಮೇಲೆ ನಿಂತಿದ್ದರೆ ಅದು ಬಹುಶಃ ಹೆಂಗಸಿನ, ಹೆಚ್ಚಾಗಿ ವಿಧವೆಯ ಮುದ್ರೆ. ಆದರೆ ಹೆಸ್ಟರಳೇ ಈ ಪದ್ಧತಿ ಪಾಲಿಸಲಿಲ್ಲ. ಅಕ್ಷರಗಳ ನಡುವೆ ಒಂದು ಚುಕ್ಕೆ, ಮೇಲೊಂದು ನಕ್ಷತ್ರ ಇದ್ದರೆ ಅದೇ ಇಬ್ಬರು ‘ಡಬ್ಲ್ಯು ಬಿ’ಗಳ ನಡುವಿನ ವ್ಯತ್ಯಾಸ.

ಈ ಓದಿನ ಕಷ್ಟ ವಚನ ಸಾಹಿತ್ಯ ಬಲ್ಲ ನಿಮಗೆ ಹೊಸದಲ್ಲ. ವಚನಕಾರ ತನ್ನ ಹೆಸರು ಹಾಕುವುದಿಲ್ಲ, ಅಂಕಿತ ಹಾಕುತ್ತಾನೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂದು ಕಂಡರೆ ಸೊನ್ನಲಿಗೆಯ ಸಿದ್ಧರಾಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಓಲೆಯ ಅಂಚು ಮುರಿದು ‘ಮಲ್ಲಿಕಾರ್ಜುನ’ ಮಾತ್ರ ಉಳಿದರೆ? ಆಗ ಶೈಲಿ ನೋಡಬೇಕು, ಬೇರೆ ಪ್ರತಿಗಳೊಡನೆ ತಾಳೆ ಹಾಕಬೇಕು. ಅಂಕಿತವಿದ್ದ ಮಾತ್ರಕ್ಕೆ ವಚನ ಅವರದೇ ಎನ್ನುವಂತೆಯೂ ಇಲ್ಲ. ನಂತರದವರು ಸೇರಿಸಿದ್ದೂ ಇದೆ. ಸವೆದ ಮುದ್ರೆಯ ಮುಂದೆ ಕೂತ ಬೆಳ್ಳಿತಜ್ಞನೂ ಇದನ್ನೇ ಮಾಡುತ್ತಾನೆ. ಯಾವ ಅಂಕಿತ ಯಾರದು ಎಂಬ ಪಟ್ಟಿಯನ್ನು ನಮ್ಮ ವಿದ್ವಾಂಸರು ಕೂತು ಮಾಡಿದ್ದರಿಂದಲೇ ನಾವು ಇವತ್ತು ಕಣ್ಣುಮುಚ್ಚಿ ಹೆಸರು ಹೇಳುತ್ತೇವೆ.

ಬೆಳ್ಳಿಗೆ ಆ ಪಟ್ಟಿಯನ್ನು ಮಾಡಿದವನು ಚಾರ್ಲ್ಸ್ ಜಾಕ್ಸನ್. ಅವನ ದೊಡ್ಡ ಗ್ರಂಥ 1905ರಲ್ಲಿ ಬಂತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂರರ ಮುದ್ರೆಗಳೂ ಅದರಲ್ಲಿವೆ. 1976ರಲ್ಲಿ ಆರ್ಥರ್ ಗ್ರಿಮ್‌ವೇಡ್ 1697ರಿಂದ 1837ರವರೆಗಿನ ಲಂಡನ್ ಬೆಳ್ಳಿಗಾರರನ್ನು ದಫ್ತರದಿಂದಲೇ ಎತ್ತಿ ಕೊಟ್ಟ. ಆದರೆ ಆ ದಫ್ತರದಲ್ಲೂ ಹೊಂಡಗಳಿವೆ. ದೊಡ್ಡ ಪಾತ್ರೆ ಮಾಡುವವರ 1758ರಿಂದ 1773ರವರೆಗಿನ ವಹಿ ಕಳೆದುಹೋಗಿದೆ. ಆ ಹದಿನೈದು ವರ್ಷಗಳಲ್ಲಿ ಹೊಸದಾಗಿ ಕಾಣಿಸಿಕೊಂಡ ಎಷ್ಟೋ ಮುದ್ರೆಗಳನ್ನು ತಜ್ಞರು ಇವತ್ತಿಗೂ ‘ಬಹುಶಃ’ ಸೇರಿಸಿಯೇ ಓದುತ್ತಾರೆ. ಮುದ್ರೆ ಸ್ಪಷ್ಟವಾಗಿದೆ, ಪಾತ್ರೆ ಲಕಲಕ ಹೊಳೆಯುತ್ತಿದೆ, ಹೆಸರು ಮಾತ್ರ ಇಲ್ಲ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಐರ್ಲೆಂಡಿನ ಕಥೆ ನಮ್ಮ ಕಥೆಗೆ ಇನ್ನೂ ಹತ್ತಿರ. 1637ರ ಸನದಿನ ಪ್ರಕಾರ ಇಡೀ ದ್ವೀಪದ ಬೆಳ್ಳಿ ಡಬ್ಲಿನ್‌ಗೆ ಹೋಗಿ ವೀಣೆಯ ಮುದ್ರೆ ಪಡೆಯಬೇಕು. 1730ರಿಂದ ಹೈಬರ್ನಿಯಾ ಎಂಬ ಕೂತ ದೇವಿಯ ಮುದ್ರೆಯೂ ಸೇರಿತು. ಆದರೆ ಕಾರ್ಕ್ ಮತ್ತು ಲಿಮರಿಕ್ ಊರುಗಳು ದೂರ, ದಾರಿಯಲ್ಲಿ ಕಳ್ಳರ ಕಾಟ. ಬೆಳ್ಳಿ ಕಳಿಸಿದರೆ ಮರಳಿ ಬಂದೀತೆಂಬ ಭರವಸೆ ಇಲ್ಲ. ಅಲ್ಲಿಯ ಬೆಳ್ಳಿಗಾರರು ‘ಸ್ಟರ್ಲಿಂಗ್’ ಎಂಬ ಪದವನ್ನೇ ಅಚ್ಚು ಮಾಡಿ, ಪಕ್ಕದಲ್ಲಿ ತಮ್ಮ ಹೆಸರಿನ ಅಕ್ಷರ ಒತ್ತಿ ಮಾರಿದರು. ಪರೀಕ್ಷಿಸಿದವರಿಲ್ಲ, ನನ್ನ ಮಾತೇ ಜಾಮೀನು ಎಂದ ಹಾಗೆ. ಊರಿನ ಜನ ಒಪ್ಪಿದರು. ಕಾರ್ಕಿನ ಕಾರ್ಡನ್ ಟೆರಿ ತನ್ನ ವಿಧವೆ ಮಗಳು ಜೇನ್ ವಿಲಿಯಮ್ಸ್‌ಳೊಡನೆ ಸೇರಿ ಹಾಕಿಸಿದ ಜೋಡಿ ಮುದ್ರೆ ಪ್ರಸಿದ್ಧವಾದದ್ದು. ಐರಿಶ್ ಬೆಳ್ಳಿಗಾರರ ಬದುಕನ್ನು ಹುಡುಕಹೊರಟವರಿಗೆ ಇನ್ನೊಂದು ಅಡ್ಡಿ: 1922ರ ಜೂನ್ ತಿಂಗಳ ಕೊನೆಯಲ್ಲಿ ಅಂತರ್ಯುದ್ಧದ ಹೊತ್ತಿಗೆ ಡಬ್ಲಿನ್ನಿನ ಸರಕಾರಿ ದಾಖಲೆಗಳ ಕಟ್ಟಡವೇ ಹೊತ್ತಿ ಉರಿಯಿತು, ಶತಮಾನಗಳ ಮರಣಶಾಸನ ಪತ್ರಗಳು ಬೂದಿಯಾದವು.

ಇನ್ನು ಎರಡನೆಯ ಭಾಗ, ಮುದ್ರೆಗಳು ದಾರಿ ತಪ್ಪಿಸುವ ಬಗೆ. ಇದನ್ನು ಬೇಗ ಮುಗಿಸುತ್ತೇನೆ, ಆದರೆ ಮನೆಯಲ್ಲಿ ಹಳೆಯ ಸಾಮಾನು ಇರುವವರು ಗಮನವಿಟ್ಟು ಕೇಳಬೇಕು.

ನಮ್ಮ ಕಡೆ ‘ಇಂಗ್ಲಿಷರ ಬೆಳ್ಳಿ’ ಎಂದು ತೋರಿಸುವ ಬಹುಪಾಲು ವಸ್ತುಗಳು ಬೆಳ್ಳಿಯೇ ಅಲ್ಲ. 1840ರಲ್ಲಿ ಎಲ್ಕಿಂಗ್ಟನ್ ಕಂಪನಿ ವಿದ್ಯುತ್ತಿನಿಂದ ಬೆಳ್ಳಿಯ ಮುಲಾಮು ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಆ ಸಾಮಾನುಗಳ ತಳದಲ್ಲಿ ‘ಇ ಪಿ ಎನ್ ಎಸ್’ ಎಂಬ ನಾಲ್ಕು ಅಕ್ಷರ, ಒಂದೊಂದೂ ಪ್ರತ್ಯೇಕ ಚೌಕಟ್ಟಿನಲ್ಲಿ, ದೂರದಿಂದ ಅಸಲಿ ಮುದ್ರೆಗಳ ಸಾಲಿನಂತೆಯೇ ಕಾಣುತ್ತವೆ. ಒಳಗಿರುವುದು ತಾಮ್ರ, ಸತು, ನಿಕಲ್ ಬೆರಕೆಯ ಜರ್ಮನ್ ಸಿಲ್ವರ್, ಮೇಲೆ ಬೆಳ್ಳಿಯ ತೆಳುಪದರ. (ನಮ್ಮ ಹೆಣ್ಣುಮಕ್ಕಳು ‘ಜರ್ಮನ್ ಭಾಂಡೆ’ ಎನ್ನುವ ಅಲ್ಯೂಮಿನಿಯಮ್ ಪಾತ್ರೆಗೂ ಇದಕ್ಕೂ ಸಂಬಂಧವಿಲ್ಲ.) ಸಿಂಹವಿಲ್ಲದ ಇಂಗ್ಲಿಷ್ ಸಾಮಾನಿನ ಮೇಲೆ ಅಕ್ಷರಗಳ ಸಾಲು ಕಂಡರೆ ಮೊದಲು ಅನುಮಾನಿಸಿ.

ಅಸಲಿ ಬೆಳ್ಳಿಯಲ್ಲೂ ಮೋಸವಿದೆ. 1720ರಿಂದ 1758ರವರೆಗೆ ಔನ್ಸಿಗೆ ಆರು ಪೆನ್ನಿಯಂತೆ ಸುಂಕವಿತ್ತು. ಭಾರದ ಹೂಜಿಗೆ ಸುಂಕ ತಪ್ಪಿಸಲು ಕೆಲವರು ಒಂದು ಹಗುರ ಬಟ್ಟಲನ್ನು ಪರೀಕ್ಷೆಗೆ ಕಳಿಸಿ, ಮುದ್ರೆ ಬಿದ್ದ ಮೇಲೆ ಆ ತುಣುಕನ್ನು ಕತ್ತರಿಸಿ ಹೂಜಿಯ ತಳಕ್ಕೆ ಬೆಸೆದರು. ಬಾಯಿಂದ ಹಬೆ ಊದಿ ನೋಡಿದರೆ ಬೆಸುಗೆಯ ಗೆರೆ ಕೆಲವೊಮ್ಮೆ ಕಾಣುತ್ತದೆ. 1758ರ ಹೊತ್ತಿಗೆ ಮುದ್ರೆಯ ಖೋಟಾಕ್ಕೆ ಮರಣದಂಡನೆಯೇ ಇತ್ತು. 1773ರಲ್ಲಿ ಅದನ್ನು ಹದಿನಾಲ್ಕು ವರ್ಷ ಗಡಿಪಾರಿಗೆ ಇಳಿಸಿದರು.

ಮೂರನೆಯ ಮಾತು ಇವೆರಡಕ್ಕಿಂತ ಸೂಕ್ಷ್ಮವಾದದ್ದು. ತಯಾರಕನ ಮುದ್ರೆ ಎಂದರೆ ಸುತ್ತಿಗೆ ಹಿಡಿದವನ ಮುದ್ರೆ ಎಂದು ಖಾತ್ರಿಯಿಲ್ಲ. ವಸ್ತುವನ್ನು ಪರೀಕ್ಷೆಗೆ ಕಳಿಸಿ ಹೊಣೆ ಹೊತ್ತವನ ಮುದ್ರೆ ಅದು. ಕಾರ್ಖಾನೆಯಲ್ಲಿ ಹತ್ತು ಕೈ ಕೆಲಸ ಮಾಡಿರುತ್ತದೆ, ಹೆಸರು ಮಾಲೀಕನದು. ಹೆಸ್ಟರ್ ಬೇಟ್‌ಮನ್ ಪ್ರತಿ ಚಮಚವನ್ನೂ ಕೈಯಾರೆ ಬಡಿದಳೆಂದು ಯಾರೂ ಹೇಳುವುದಿಲ್ಲ.

ಇಂಗ್ಲಿಷರ ಹೆಸರಿರುವ ಎಲ್ಲವೂ ಇಂಗ್ಲೆಂಡಿನದೂ ಅಲ್ಲ. ಕಲಕತ್ತೆಯ ಹ್ಯಾಮಿಲ್ಟನ್, ಮದ್ರಾಸಿನ ಪಿ. ಓರ್, ಬೆಂಗಳೂರಿನ ಬಾರ್ಟನ್ ಇವು ಇಲ್ಲಿಯೇ ಇದ್ದ ಯುರೋಪಿಯನ್ ಅಂಗಡಿಗಳು. ಭಾರತದಲ್ಲಿ ಪರೀಕ್ಷಾಗೃಹದ ಕಾಯಿದೆ ಇರಲಿಲ್ಲ. ಇವರು ತಮ್ಮ ಅಕ್ಷರಗಳನ್ನೂ, ಹ್ಯಾಮಿಲ್ಟನ್ನರಂತೆ ಆನೆಯ ಚಿತ್ರವನ್ನೂ ಇಂಗ್ಲಿಷ್ ಸಾಲಿನ ಮಾದರಿಯಲ್ಲಿ ಒತ್ತಿಕೊಂಡರು. ಕೆಲಸ ಮಾಡಿದವರು ನಮ್ಮ ಅಕ್ಕಸಾಲಿಗರೇ. ಭಾರತೀಯನ ಹೆಸರೇ ಅಚ್ಚಿಗೆ ಏರಿದ್ದೂ ಉಂಟು. ಕಚ್ಛದ ಭುಜ್‌ನ ಊಮರಸಿ ಮಾವಜಿ ‘ಓ ಎಂ’ ಎಂದು ಒತ್ತುತ್ತಿದ್ದ, ಜಗತ್ತಿನ ಹರಾಜುಗಳಲ್ಲಿ ಇವತ್ತು ಆ ಎರಡಕ್ಷರಕ್ಕೆ ದೊಡ್ಡ ಬೆಲೆ. ನಮಗೆ ಹತ್ತಿರದ ಪುಣೆಯಲ್ಲಿ ಹೀರಪ್ಪ ಬೂಚೆನ ಎಂಬ ಹೆಸರಿನ ಮುದ್ರೆಯ ಬೆಳ್ಳಿ ಸಿಗುತ್ತದೆ. ಸಾಹೇಬರಿಗಾಗಿ ಮಾಡಿದ್ದಕ್ಕೆ ಹೆಸರು ಬಿತ್ತು, ಊರವರಿಗಾಗಿ ಮಾಡಿದ್ದಕ್ಕೆ ಬೀಳಲಿಲ್ಲ. ಯಾಕೆ?

ಇಲ್ಲಿಂದ ಮೂರನೆಯ ಭಾಗ ಆರಂಭವಾಗುತ್ತದೆ. ಲಿಂಗಾಯತ ಮನೆಗಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಚೌಕ, ಗುಂಡಗಡಗಿ ಇರುತ್ತವೆ. ಪೂಜೆಯ ತಂಬಿಗೆ, ವಿಭೂತಿಯ ಗಟ್ಟಿ ಇಡುವ ಬಟ್ಟಲು, ಮದುವೆಯ ಆರತಿ ತಟ್ಟೆ ಇರುತ್ತವೆ. ತಲೆಮಾರುಗಳಿಂದ ಶಿವದಾರದಲ್ಲಿ ತೂಗಿ ಮೈಯುಜ್ಜಿ ನುಣುಪಾದ ಕರಡಿಗೆಯ ಮುಚ್ಚಳ ತೆಗೆದು ಒಳಗೆ ನೋಡಿದರೆ ಸಾಮಾನ್ಯವಾಗಿ ಏನೂ ಇಲ್ಲ. ಅಪರೂಪಕ್ಕೆ ದೇವನಾಗರಿಯ ಅಥವಾ ಕನ್ನಡದ ಒಂದಕ್ಷರ. ಅದು ಪತ್ತಾರನದೋ ಸರಾಫನದೋ ತಿಳಿಯುವುದಿಲ್ಲ.

ಇದಕ್ಕೆ ನನಗೆ ತೋರುವ ಮುಖ್ಯ ಕಾರಣ ನಾಣ್ಯ. 1835ರ ಕಂಪನಿ ರೂಪಾಯಿ 180 ಗ್ರೇನ್ ತೂಕದ್ದು, ಅದರಲ್ಲಿ 165 ಗ್ರೇನ್ ಅಪ್ಪಟ ಬೆಳ್ಳಿ, ಅಂದರೆ ಸಾವಿರಕ್ಕೆ ಸುಮಾರು 917. ಇಂಗ್ಲಿಷ್ ಸ್ಟರ್ಲಿಂಗಿಗೆ ಹೆಚ್ಚುಕಡಿಮೆ ಸಮ. ಒಂದು ರೂಪಾಯಿಯೆಂದರೆ ಒಂದು ತೊಲ. ಮಗಳ ಮದುವೆಗೆ ತಂಬಿಗೆ ಬೇಕಾದವನು ಪತ್ತಾರನ ಮುಂದೆ ರೂಪಾಯಿಗಳನ್ನು ಎಣಿಸಿ ಇಟ್ಟ, ಕೆಲಸ ಮುಗಿದ ಮೇಲೆ ಅದೇ ತೂಕಕ್ಕೆ ತೂಗಿ ಒಯ್ದ, ಸವಕಳಿ ಮತ್ತು ಕೂಲಿ ಬೇರೆ. ಬೆಳ್ಳಿಯ ಜಾಮೀನನ್ನು ಟಂಕಸಾಲೆ ಮೊದಲೇ ಕೊಟ್ಟಿತ್ತು. ಇಂಗ್ಲೆಂಡಿನ ಸರಕಾರ 1697ರಲ್ಲಿ ಕಾನೂನು ತಂದು ತಡೆದ ಕೆಲಸವೇ ನಮ್ಮಲ್ಲಿ ಮರ್ಯಾದಸ್ಥರ ಪದ್ಧತಿಯಾಗಿತ್ತು.

ಎರಡನೆಯ ಕಾರಣ ಮನುಷ್ಯ. ಮರಾಠರ ಕಾಲದ ಹಳ್ಳಿಯ ಬಲುತೆದಾರರಲ್ಲಿ, ಅಂದರೆ ಆಯಗಾರರಲ್ಲಿ, ಪೋತದಾರ ಒಬ್ಬ. ಕಂದಾಯಕ್ಕೆ ಬಂದ ನಾಣ್ಯ ಖರೆಯೋ ಖೋಟಾವೋ ನೋಡುವುದು ಅವನ ಕೆಲಸ, ಸಾಮಾನ್ಯವಾಗಿ ಅವನು ಅಕ್ಕಸಾಲಿಗರವನೇ. ಆ ಮನೆತನದ ಹೆಸರು ಇವತ್ತಿಗೂ ನಮ್ಮ ಭಾಗದಲ್ಲಿ ಉಂಟು. ಊರಿಗೊಬ್ಬ ಪರೀಕ್ಷಕ, ಬೀದಿಗೊಬ್ಬ ಪತ್ತಾರ, ಕೊಳ್ಳುವವನಿಗೆ ಇಬ್ಬರೂ ಗೊತ್ತು. ಮಾಡಿದವನ ಹೆಸರನ್ನು ತಳದಲ್ಲಿ ಬರೆಯುವ ಅಗತ್ಯ ಯಾರಿಗಿತ್ತು? ಕಾರ್ಕಿನ ಬೆಳ್ಳಿಗಾರನ ಮಾತನ್ನು ಊರು ನಂಬಿದ ಹಾಗೆಯೇ ಇದೂ, ಅವನು ಅಕ್ಷರ ಒತ್ತಿದ, ನಮ್ಮವನು ಒತ್ತಲಿಲ್ಲ.

ಮುದ್ರೆ ಒತ್ತುವ ಕಲೆ ನಮಗೆ ತಿಳಿದಿರಲಿಲ್ಲವೆಂದು ಯಾರೂ ಹೇಳಲಾರರು. ಕಲ್ಯಾಣ ಚಾಲುಕ್ಯರ ಕಾಲದ ಹೊನ್ನಿನ ನಾಣ್ಯಗಳ ಮೇಲೆ ಒಂದರ ಪಕ್ಕ ಒಂದು ಹಲವು ಅಚ್ಚುಗಳು ಬಿದ್ದಿವೆ. ಕಂಪನಿ ರೂಪಾಯಿಗೆ ಮುಂಚಿನ ಬೆಳ್ಳಿ ನಾಣ್ಯಗಳ ಮೇಲೆ ಸರಾಫರು ಪರೀಕ್ಷಿಸಿ ಒತ್ತಿದ ಪುಟ್ಟ ಪುಟ್ಟ ಗುರುತುಗಳು ತುಂಬಿರುತ್ತವೆ. ಒಂದೊಂದೂ ಒಬ್ಬೊಬ್ಬ ಸರಾಫನ ಜಾಮೀನು. ಯಾವುದು ಯಾರದು ಎಂಬ ವಹಿ ಉಳಿದಿಲ್ಲವಾದ್ದರಿಂದ ಅವು ಇವತ್ತು ಬರಿಯ ಗಾಯಗಳು.

ಮೂರನೆಯದಾಗಿ, ನಮ್ಮ ಬೆಳ್ಳಿಯ ಮೇಲೆ ಹೆಸರು ಇಲ್ಲವೇ ಇಲ್ಲ ಎನ್ನುವುದೂ ತಪ್ಪು. ಇದೆ, ಆದರೆ ಮಾಡಿದವನದಲ್ಲ, ಕೊಟ್ಟವನದು. ಮದುವೆಯ ಬಟ್ಟಲಿನ ಮೇಲೆ ಸೋದರಮಾವನ ಹೆಸರು, ಗುಡಿಯ ಪ್ರಭಾವಳಿಯ ಮೇಲೆ ಭಕ್ತನ ಹೆಸರು, ಊರು, ತೊಲ. ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಕೊರೆದ ಆ ಅಕ್ಷರಗಳು ಕೆಲವೊಮ್ಮೆ ಮರಾಠಿಯ ಮೋಡಿ ಲಿಪಿ, ಕೆಲವೊಮ್ಮೆ ಕನ್ನಡ, ಅಕ್ಕಲಕೋಟೆಯಂಥ ಕಡೆ ಎರಡೂ. ಇದು ಕೀಳು ಪದ್ಧತಿ ಎಂದು ನನಗೆ ಅನಿಸುವುದಿಲ್ಲ. ವಸ್ತುವಿನ ಅರ್ಥ ಕೊಡುಕೊಳ್ಳುವ ಸಂಬಂಧದಲ್ಲಿದೆ ಎಂದು ಭಾವಿಸಿದವರು ಕೊಟ್ಟವನ ಹೆಸರನ್ನೇ ಬರೆಯಿಸುತ್ತಾರೆ. ಆದರೂ ಹೊಯ್ಸಳ ಶಿಲ್ಪಿಗಳು, ಬಳ್ಳಿಗಾವೆಯ ದಾಸೋಜನಂಥವರು, ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ ನಾಡಿನಲ್ಲಿ ಪತ್ತಾರನಿಗೆ ಆ ಅವಕಾಶ ತಪ್ಪಿತಲ್ಲ ಎಂದು ಕೊರಗಾಗುತ್ತದೆ.

ನಾಣ್ಯದ ಜಾಮೀನು ಬಹಳ ಕಾಲ ನಿಲ್ಲಲಿಲ್ಲ. 1893ರಲ್ಲಿ ಸರಕಾರ ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಿತು. ಕ್ರಮೇಣ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಗಿಂತ ಹೆಚ್ಚಾಯಿತು. ರೂಪಾಯಿ ಕರಗಿಸುವುದು ನಷ್ಟದ ಬಾಬ್ತಾಯಿತು. ಮುಂಬಯಿಯಿಂದ ಬರುವ ಗಟ್ಟಿ ಬೆಳ್ಳಿಯೇ ಗತಿ, ಅದಕ್ಕೆ ತಾಮ್ರ ಎಷ್ಟು ಬೆರೆಸಿದನೆಂದು ಪತ್ತಾರನೇ ಹೇಳಬೇಕು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. ‘ರಾಣಿ ಛಾಪಿನ ರೂಪಾಯಿ’ಗೆ ಮುದುಕಿಯರು ಕೊಡುತ್ತಿದ್ದ ಮರ್ಯಾದೆಯ ಹಿಂದೆ ಈ ಲೆಕ್ಕವಿದೆ.

ಗಡಿಯವರಾದ ನಮಗೆ ಇಲ್ಲೊಂದು ಸ್ವಾರಸ್ಯವೂ ಇದೆ. ಅಕ್ಕಲಕೋಟೆಯಿಂದ ಆಳಂದದ ಕಡೆ ಹೊರಟರೆ ಆಗ ನಿಜಾಮರ ಸೀಮೆ. ಇತ್ತ ಕಲ್ದಾರವೆನ್ನುತ್ತಿದ್ದ ಬ್ರಿಟಿಷ್ ರೂಪಾಯಿ, ಅತ್ತ ನಿಜಾಮರ ರೂಪಾಯಿಯಾದ ಹಾಲಿ ಸಿಕ್ಕಾ. ಹಾಲಿಯ ತೂಕ ಸುಮಾರು 11.2 ಗ್ರಾಂ, ಬೆಳ್ಳಿ ಸಾವಿರಕ್ಕೆ 818. ಏಳು ಹಾಲಿಗೆ ಆರು ಕಲ್ದಾರ ಎಂಬುದು ಕೊನೆಗಾಲದ ವಿನಿಮಯ. ಹಾಲಿ ಕರಗಿಸಿ ಮಾಡಿದ ಪಾತ್ರೆ 818ರ ಆಸುಪಾಸಿಗೂ ಕಲ್ದಾರದ್ದು 917ರ ಆಸುಪಾಸಿಗೂ ಬರಬೇಕು. ಈಗ ಸರಾಫರ ಅಂಗಡಿಗಳಲ್ಲಿ ಎಕ್ಸ್‌ರೇ ಯಂತ್ರಗಳಿವೆ, ವಸ್ತುವಿಗೆ ಗೀರು ಬೀಳದೆ ಅಂಕಿ ಹೇಳುತ್ತವೆ. ಬೆಸುಗೆ ಇಲ್ಲದ ಜಾಗ ಆರಿಸಿ ನಾಲ್ಕು ಕಡೆ ನೋಡಬೇಕು, ಮೇಲ್ಮೈ ಹುಣಸೆಹುಳಿಯಲ್ಲಿ ಉಜ್ಜಿ ಉಜ್ಜಿ ಒಳಗಿಗಿಂತ ಶುದ್ಧವಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಮುದ್ರೆಯಿಲ್ಲದ ಪಾತ್ರೆ ಗಡಿಯ ಯಾವ ಬದಿಯ ಹಣದಿಂದ ಹುಟ್ಟಿತು ಎಂಬುದಕ್ಕೆ ಇದೊಂದು ಸುಳಿವಾದೀತು. ಪುರಾವೆ ಎನ್ನಲಾರೆ.

ಸ್ವತಂತ್ರ ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ 2005ರಲ್ಲಿ ಬಂತು. 2021ರ ಜೂನ್ ತನಕ ಚಿನ್ನದ ಒಡವೆಯ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು, ಶುದ್ಧತೆಯ ಅಂಕಿ, ಪರೀಕ್ಷಾ ಕೇಂದ್ರದ ಗುರುತು ಮತ್ತು ಅಂಗಡಿಯ ಗುರುತು ಎಂದು ನಾಲ್ಕು ಇರುತ್ತಿದ್ದವು. ಆಮೇಲೆ ಕೊನೆಯ ಎರಡರ ಜಾಗದಲ್ಲಿ ಅಕ್ಷರ ಅಂಕಿ ಸೇರಿದ ಆರು ಚಿಹ್ನೆಗಳ ಒಂದು ಗುರುತಿನ ಸಂಖ್ಯೆ ಬಂತು. 2025ರ ಸೆಪ್ಟೆಂಬರಿನಿಂದ ಬೆಳ್ಳಿಗೂ ಈ ಸಂಖ್ಯೆ, ಸದ್ಯಕ್ಕೆ ಐಚ್ಛಿಕ. ಕೊಳ್ಳುವವನ ರಕ್ಷಣೆಗೆ ಇದು ಒಳ್ಳೆಯದೇ. ಇನ್ನೂರು ವರ್ಷದ ನಂತರ ಆ ಸಂಖ್ಯೆಯನ್ನು ಬಿಡಿಸುವ ಗಣಕದ ದಫ್ತರ ಉಳಿದಿರುತ್ತದೆಯೇ ಎಂಬುದು ಲಂಡನ್ನಿನ ಕಳೆದ ವಹಿಯನ್ನು ನೆನೆಸಿಕೊಂಡವರಿಗೆ ಬರುವ ಪ್ರಶ್ನೆ. ಮತ್ತು ಆ ಸಂಖ್ಯೆ ಅಂಗಡಿಯನ್ನು ಗುರುತಿಸುತ್ತದೆ, ಕೊಲ್ಹಾಪುರ ಜಿಲ್ಲೆಯ ಹುಪರಿಯಲ್ಲಿ ಕೂತು ಗೆಜ್ಜೆ ಬೆಸೆದವನನ್ನಲ್ಲ.

ಹಾಗಾದರೆ ನಮ್ಮ ದಫ್ತರವನ್ನು ಯಾರು ಬರೆಯಬೇಕು? ಈ ಸಭೆಯಲ್ಲಿ ಪತ್ತಾರ ಮನೆತನದವರು ಇದ್ದೀರಿ. ನಿಮ್ಮ ಅಜ್ಜಂದಿರ ಪೆಟ್ಟಿಗೆಯಲ್ಲಿ ಉಕ್ಕಿನ ಅಚ್ಚುಗಳು ಇನ್ನೂ ಇದ್ದರೆ ಒಂದೊಂದನ್ನೂ ಸೀಸದ ತಗಡಿನ ಮೇಲೆ ಒತ್ತಿ, ಪಕ್ಕದಲ್ಲಿ ಯಾರದು, ಯಾವ ಪೇಟೆ, ಸುಮಾರು ಯಾವ ಕಾಲ ಎಂದು ಬರೆದಿಡಿ. ಉಳಿದವರು ಮನೆಯ ಬೆಳ್ಳಿಯನ್ನು ಮುರಿಸಿ ಹೊಸದು ಮಾಡಿಸುವ ಮುಂಚೆ ತಳದ, ಮುಚ್ಚಳದ ಒಳಬದಿಯ ಚಿತ್ರ ತೆಗೆಯಿರಿ. ಮುದ್ರೆಯ ಜಾಗವನ್ನು ಬೂದಿ ಹುಣಸೆ ಹಾಕಿ ತಿಕ್ಕಬೇಡಿ. ಮುದ್ರೆ ಕಾಣದಿದ್ದರೆ ದೀಪದ ಕಾಡಿಗೆಯನ್ನು ತೆಳ್ಳಗೆ ಹಿಡಿಸಿ, ಪಾರದರ್ಶಕ ಅಂಟುಪಟ್ಟಿಯಿಂದ ಎತ್ತಿ ಬಿಳಿ ಕಾಗದಕ್ಕೆ ಹಚ್ಚಿ. ಸವೆದ ಅಕ್ಷರವೂ ಮೂಡುತ್ತದೆ. ತೂಕ ಬರೆಯುವಾಗ ಗ್ರಾಂ ಜೊತೆ ತೊಲವನ್ನೂ ಬರೆಯಿರಿ, ಪೂರ್ಣ ತೊಲಗಳಲ್ಲಿ ಬಂದರೆ ಅದು ರೂಪಾಯಿ ಎಣಿಸಿ ಕೊಟ್ಟು ಮಾಡಿಸಿದ್ದಿರಬಹುದು. ಕೊಟ್ಟವರ ಹೆಸರಿದ್ದರೆ ಅವರು ಮನೆಗೆ ಏನಾಗಬೇಕು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಇದಕ್ಕೆ ದೊಡ್ಡ ಸಂಸ್ಥೆ ಬೇಡ, ಒಂದು ಉದ್ದ ವಹಿ ಸಾಕು, ಅದನ್ನು ಈ ಸಭೆ ಸೇರಿರುವ ಗ್ರಂಥಾಲಯದಲ್ಲೇ ಇಡಲು ಸಭೆಯ ಅಧ್ಯಕ್ಷರು ಒಪ್ಪಿದ್ದಾರೆ.

ಕೆಲವರು ಮನೆಯಿಂದ ಸಾಮಾನು ತಂದಿದ್ದೀರೆಂದು ಕೇಳಿದೆ. ಪಕ್ಕದ ಕೋಣೆಯ ಮೇಜಿನ ಮೇಲೆ ಭೂತಗನ್ನಡಿಯನ್ನೂ ತಕ್ಕಡಿಯನ್ನೂ ಇಟ್ಟಿದೆ. ಇಂಗ್ಲಿಷ್ ಮುದ್ರೆ ಇರುವುದನ್ನು ಅಲ್ಲಿಯೇ ಓದೋಣ. ಮುದ್ರೆ ಇಲ್ಲದ್ದನ್ನು ಮೊದಲು ತೋರಿಸಿ, ಅದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ.